ಹಳೆಯ ಮಚ್ಚನ್ನು ಮತ್ತೆ ಕೆಲಸಕ್ಕೆ ತರುವ ಬಗೆ

ಕೊಟ್ಟಿಗೆಯ ಗೋಡೆಯ ಸಂದಿಯಲ್ಲೋ ಅಟ್ಟದ ಮೂಲೆಯಲ್ಲೋ ತುಕ್ಕು ಹಿಡಿದ ಮಚ್ಚೊಂದು ಬಿದ್ದಿರದ ತೋಟದ ಮನೆ ಅಪರೂಪ. ಹಿಡಿ ಸೀಳಿತೆಂದೋ ಬಾಯಿ ಮುಕ್ಕಾಯಿತೆಂದೋ ಒಂದು ದಿನ ಅದನ್ನು ಬದಿಗಿಟ್ಟು ಸಂತೆಯಿಂದ ಹೊಸದನ್ನು ತಂದಿರುತ್ತಾರೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಆ ಹೊಸದೂ ಹಳೆಯದರ ಪಕ್ಕಕ್ಕೇ ಬಂದು ಸೇರಿರುತ್ತದೆ. ಹೀಗೆ ಮೂಲೆ ಸೇರಿದ ಅಲಗುಗಳಲ್ಲಿ ಊರಿನ ಕುಲುಮೆಯಲ್ಲಿ ಲಾರಿಯ ಕಮಾನು ಪಟ್ಟಿಯನ್ನು ಬಡಿದು ಮಾಡಿದವು ಬಹಳ. ಆ ಉಕ್ಕಿನಲ್ಲಿ ಇಂಗಾಲದ ಪ್ರಮಾಣ ಸುಮಾರು ಶೇ. 0.5ರಿಂದ 0.6ರಷ್ಟು ಇರುವುದರಿಂದ ಅದು ಹದವನ್ನು, ಅಂದರೆ ಕಾಯಿಸಿ ಅದ್ದಿದಾಗ ಬರುವ ಗಟ್ಟಿತನವನ್ನು, ಚೆನ್ನಾಗಿ ಹಿಡಿಯುತ್ತದೆ. ಶೇ. 0.25ಕ್ಕಿಂತ ಕಡಿಮೆ ಇಂಗಾಲವಿರುವ ಸಾಧಾರಣ ಕಬ್ಬಿಣದ ತಗಡನ್ನು ಕತ್ತರಿಸಿ ಮಚ್ಚಿನ ಆಕಾರ ಕೊಟ್ಟ ಅಗ್ಗದ ಮಾಲಿಗೆ ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ. ಆದ್ದರಿಂದ ಹಳೆಯದನ್ನು ಗುಜರಿಗೆ ಹಾಕುವ ಮುನ್ನ ಒಂದು ಶನಿವಾರ ಮತ್ತು ಒಂದು ಭಾನುವಾರವನ್ನು ಅದಕ್ಕಾಗಿ ಮೀಸಲಿಡುವುದು ಒಳ್ಳೆಯದು.

ನನ್ನ ಅನುಭವದಲ್ಲಿ ಅಲಗುಗಳು ಕಡಿದು ಕಡಿದು ಹಾಳಾಗುವುದಕ್ಕಿಂತ ಹೆಚ್ಚಾಗಿ ಅವಸರದ ಸಾಣೆಯಿಂದ ಹಾಳಾಗುತ್ತವೆ. ಈ ಬರಹದಲ್ಲಿ ಕೈಕೆಲಸಕ್ಕೇ ಹೆಚ್ಚು ಜಾಗ ಕೊಟ್ಟಿರುವುದಕ್ಕೆ ಕಾರಣವೂ ಅದೇ.

ಬೇಕಾಗುವ ಸಾಮಾನುಗಳು ಹೆಚ್ಚೇನಿಲ್ಲ. ಗಟ್ಟಿಯಾದ ಬೆಂಚಿಗೆ ಕೂರಿಸಿದ ಒಂದು ವೈಸ್, ಹತ್ತು ಇಂಚಿನ ಚಪ್ಪಟೆ ಅರ, ಒಂದು ಮುಖ ಒರಟು ಮತ್ತೊಂದು ಮುಖ ನಯವಾಗಿರುವ ಕಾರ್ಬೊರಂಡಂ ಕಲ್ಲು, 120, 240 ಮತ್ತು 400 ನಂಬರಿನ ವಾಟರ್ ಪೇಪರ್, ತಂತಿ ಬ್ರಷ್, ಕಪ್ಪು ಮಾರ್ಕರ್ ಪೆನ್ನು, ಹಳೆಯ ಚರ್ಮದ ಬೆಲ್ಟಿನ ತುಂಡು. ಹಿಡಿಯ ಕೆಲಸಕ್ಕೆ ಡ್ರಿಲ್ ಮತ್ತು ಮರದ ಅರ ಬೇಕು. ಅರಕ್ಕೆ ಹಿಡಿ ಹಾಕಿರಲೇಬೇಕು; ಹಿಡಿಯಿಲ್ಲದ ಅರದ ಮೊನೆ ಒಮ್ಮೆ ಅಂಗೈಗೆ ನಾಟಿದರೆ ವಾರಗಟ್ಟಲೆ ಕೆಲಸ ನಿಲ್ಲುತ್ತದೆ. ತುಕ್ಕಿನ ಕಬ್ಬಿಣದಿಂದಾದ ಗಾಯಕ್ಕೆ ಮಣ್ಣು ಸೇರಿದರೆ ಧನುರ್ವಾಯುವಿನ ಭಯವಿರುವುದರಿಂದ ಚುಚ್ಚುಮದ್ದು ಹಾಕಿಸಿಕೊಂಡು ಎಷ್ಟು ವರ್ಷವಾಯಿತೆಂದು ಮೊದಲೇ ನೆನಪು ಮಾಡಿಕೊಳ್ಳಿ.

ಮೊದಲು ಪರೀಕ್ಷೆ

ಅಲಗನ್ನು ಬಾಲದ ಕಡೆಯಿಂದ, ಅಂದರೆ ಹಿಡಿಯೊಳಗೆ ಹೋಗುವ ಚೂಪು ಭಾಗದಿಂದ ಸಡಿಲವಾಗಿ ತೂಗಹಿಡಿದು ಬೆನ್ನಿನ ಮೇಲೆ ಸ್ಪ್ಯಾನರ್‌ನಿಂದ ಮೆಲ್ಲಗೆ ತಟ್ಟಿ ನೋಡಿ. ದನಿ ಗಂಟೆಯಂತೆ ಎಳೆದುಕೊಂಡು ಹೋದರೆ ಒಳಗೆ ಬಿರುಕಿಲ್ಲವೆಂದು ಬಹುಮಟ್ಟಿಗೆ ನಂಬಬಹುದು. ಒಡೆದ ಮಡಕೆಯಂತೆ ಮೊಟಕಾಗಿ ಕೇಳಿಸಿದರೆ ತುಕ್ಕು ತೆಗೆದ ಮೇಲೆ ಸೀಮೆಎಣ್ಣೆ ಸವರಿ, ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸಿ. ಬಿರುಕಿನೊಳಗೆ ಇಳಿದ ಎಣ್ಣೆ ಮೇಲೆ ಬಂದು ಪುಡಿಯಲ್ಲಿ ಗೆರೆ ಮೂಡಿಸುತ್ತದೆ. ಬಾಯಿಯಿಂದ ಬೆನ್ನಿನತ್ತ ಓಡಿದ ಬಿರುಕು ಕಂಡರೆ ಆ ಅಲಗನ್ನು ಅಲ್ಲಿಗೇ ಬಿಟ್ಟುಬಿಡಿ. ಬೀಸುವಾಗ ತುಂಡಾಗಿ ಹಾರುವ ಕಬ್ಬಿಣ ಯಾರ ಕಡೆ ಹಾರುತ್ತದೆಂದು ಹೇಳಲಾಗದು.

ಮುಂದಿನದು ಹದದ ಪರೀಕ್ಷೆ. ಅರದ ಮೂಲೆಯಿಂದ ಮೊದಲು ಬೆನ್ನನ್ನು, ಆಮೇಲೆ ಬಾಯಿಯ ಪಕ್ಕವನ್ನು ಒಂದೊಂದು ಸಲ ಎಳೆದು ನೋಡಿ. ಅನುಭವಸ್ಥ ಕಮ್ಮಾರರು ಮಚ್ಚಿನ ಬಾಯಿಗೆ ಮಾತ್ರ ಹದ ಕೊಟ್ಟು ಬೆನ್ನನ್ನು ಮೆತ್ತಗೆ ಬಿಟ್ಟಿರುತ್ತಾರೆ. ಹಾಗಿದ್ದರೆ ಬೆನ್ನಿನಲ್ಲಿ ಅರ ಕಚ್ಚಿಕೊಂಡು ಪುಡಿ ಉದುರುತ್ತದೆ, ಬಾಯಿಯಲ್ಲಿ ಜಾರುವಂತಾಗಿ ಕೈಗೆ ಸಣ್ಣ ನಡುಕ ತಾಗುತ್ತದೆ. ಎರಡೂ ಕಡೆ ಒಂದೇ ಸಮನೆ ಮೆತ್ತಗಿದ್ದರೆ ಹದ ಹೋಗಿದೆ, ಇಲ್ಲವೇ ಮೊದಲಿನಿಂದಲೂ ಇರಲಿಲ್ಲ. ಅಂಥದಕ್ಕೆ ಕುಲುಮೆಯೇ ದಾರಿ. ಅದರ ವಿಷಯ ಮುಂದೆ ಬರುತ್ತದೆ.

ತುಕ್ಕು ತೆಗೆಯುವುದು

ಹಳೆಯ ಹಿಡಿ ಸಡಿಲವಾಗಿದ್ದರೆ ಅದನ್ನು ಮೊದಲೇ ತೆಗೆಯಿರಿ. ಅರಗಿನಲ್ಲಿ ಕೂರಿಸಿದ ಹಿಡಿಯಾದರೆ ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಇಟ್ಟರೆ ಅರಗು ಮೆತ್ತಗಾಗಿ ಬಿಟ್ಟುಕೊಡುತ್ತದೆ. ಸೀಳಿ ಹೋದ ಹಿಡಿಗೆ ಇಷ್ಟು ಉಪಚಾರ ಬೇಡ, ಉಳಿಯಿಂದ ಸೀಳಿದರಾಯಿತು.

ಮೇಲ್ಪದರದ ತುಕ್ಕನ್ನು ತಂತಿ ಬ್ರಷ್‌ನಿಂದ ಉದುರಿಸಿ, ಉಳಿದದ್ದಕ್ಕೆ ಹುಳಿ ಹಾಕಿ. ಅಂಗಡಿಯ ಬಿಳಿ ವಿನೆಗರ್‌ನಲ್ಲಿ ಒಂದು ರಾತ್ರಿ ಮುಳುಗಿಸಿಟ್ಟರೆ ಸಾಕು. ಉದ್ದದ ಅಲಗಿಗೆ ತಕ್ಕ ಪಾತ್ರೆ ಸಿಗದಿದ್ದರೆ ಒಂದು ತುದಿ ಮುಚ್ಚಿದ ಪಿವಿಸಿ ಪೈಪು ಒಳ್ಳೆಯ ತೊಟ್ಟಿಯಾಗುತ್ತದೆ. ವಿನೆಗರ್ ಇಲ್ಲದ ಮನೆಯಲ್ಲಿ ಹುಣಸೆಹಣ್ಣನ್ನು ನೀರಿನಲ್ಲಿ ಗಟ್ಟಿಯಾಗಿ ಕಿವುಚಿ, ಉಪ್ಪು ಬೆರೆಸದೆ, ದಪ್ಪಗೆ ಹಚ್ಚಿ, ಒಣಗದಂತೆ ಪ್ಲಾಸ್ಟಿಕ್ ಸುತ್ತಿಟ್ಟರೂ ಆಗುತ್ತದೆ. ಹಿತ್ತಾಳೆಯ ದೀಪಗಳನ್ನು ಬೆಳಗುವಾಗ ಮಾಡುವ ಕೆಲಸವೇ ಇದು, ಸಮಯ ಮಾತ್ರ ಹೆಚ್ಚು ಬೇಕು. ಬೆಳಿಗ್ಗೆ ತೆಗೆದಾಗ ಅಲಗು ಕಪ್ಪಗೆ, ಕಾಡಿಗೆ ಬಳಿದಂತೆ ಕಾಣುತ್ತದೆ. ಗಾಬರಿಯಾಗಬೇಡಿ, ಅದು ಬ್ರಷ್‌ಗೆ ಬಿಟ್ಟುಹೋಗುತ್ತದೆ. ತೊಳೆದ ಕೂಡಲೇ ಅಡುಗೆ ಸೋಡಾ ಕರಗಿಸಿದ ನೀರಿನಲ್ಲಿ ಅದ್ದಿ ಉಳಿದ ಹುಳಿಯನ್ನು ಕೊಂದು, ಬಟ್ಟೆಯಿಂದ ಒರೆಸಿ, ಬಿಸಿಲಿಗಿಟ್ಟು ಒಣಗಿಸಿ ಎಣ್ಣೆ ಸವರಬೇಕು. ಈ ನಡುವೆ ಕಾಫಿ ಕುಡಿದು ಬರೋಣವೆಂದು ಎದ್ದು ಹೋದರೆ ಬರುವಷ್ಟರಲ್ಲಿ ಕಿತ್ತಳೆ ಬಣ್ಣದ ಹೊಸ ತುಕ್ಕು ಕಾದಿರುತ್ತದೆ.

ಕಕ್ಕಸು ತೊಳೆಯುವ ಆಸಿಡ್‌ನಿಂದ ಹತ್ತು ನಿಮಿಷದಲ್ಲಿ ತುಕ್ಕು ಹೋಗುತ್ತದೆ ಎಂದು ಹೇಳುವವರಿದ್ದಾರೆ. ತುಕ್ಕು ಹೋಗುವುದು ನಿಜ, ಆದರೆ ಆ ಹೈಡ್ರೋಕ್ಲೋರಿಕ್ ಆಮ್ಲ ಒಳ್ಳೆಯ ಉಕ್ಕನ್ನೂ ತಿನ್ನುತ್ತದೆ, ಹದ ಕೊಟ್ಟ ಉಕ್ಕನ್ನು ಪೆಡಸು ಮಾಡಬಲ್ಲದು. ಅದರ ಹಬೆ ಮುಚ್ಚಿದ ಕೋಣೆಯಲ್ಲಿರುವ ಉಳಿದ ಹತಾರಗಳಿಗೆಲ್ಲ ಒಂದೇ ರಾತ್ರಿಯಲ್ಲಿ ತುಕ್ಕು ಹಿಡಿಸುತ್ತದೆ. ನಾನಂತೂ ಅದನ್ನು ಕೆಲಸದ ಕೋಣೆಯ ಹತ್ತಿರವೂ ಇಡುವುದಿಲ್ಲ.

ಬಾಯಿಯ ಆಕಾರ ಸರಿಪಡಿಸುವುದು

ಅಲಗನ್ನು ವೈಸ್‌ನಲ್ಲಿ ಎರಡು ಮರದ ಚಕ್ಕೆಗಳ ನಡುವೆ, ಬಾಯಿ ಮೇಲೆ ಬರುವಂತೆ ಕಚ್ಚಿಸಿ, ಬೆಳಕಿಗೆದುರಾಗಿ ನಿಂತು ನೋಡಿ. ಹರಿತವಾದ ಬಾಯಿ ಕಣ್ಣಿಗೆ ಕಾಣುವುದೇ ಇಲ್ಲ. ಮೊಂಡಾದ ಕಡೆ ಬಿಳಿ ಗೆರೆ ಹೊಳೆಯುತ್ತದೆ, ಮುಕ್ಕಾದ ಕಡೆ ಚುಕ್ಕೆ ಮಿನುಗುತ್ತದೆ. ಎರಡು ಮಿಲಿಮೀಟರ್‌ಗಿಂತ ಕಡಿಮೆ ಆಳದ ಮುಕ್ಕುಗಳನ್ನು ಅರದಿಂದ ಪೂರ್ತಿ ತೆಗೆಯಬಹುದು, ಆದರೆ ಮುಕ್ಕಿರುವ ಜಾಗವನ್ನಷ್ಟೇ ಉಜ್ಜಬಾರದು. ಹಾಗೆ ಉಜ್ಜಿದರೆ ಬಾಯಿಯಲ್ಲಿ ತಗ್ಗು ಬೀಳುತ್ತದೆ, ಆ ತಗ್ಗು ಬಳ್ಳಿಯನ್ನಾಗಲಿ ಟೊಂಗೆಯನ್ನಾಗಲಿ ಕತ್ತರಿಸದೆ ಜಾರಿಸಿಬಿಡುತ್ತದೆ. ಇಡೀ ಬಾಯಿಯ ಸಾಲನ್ನು ತುದಿಯಿಂದ ಬುಡದವರೆಗೆ ಒಂದೇ ಬಾಗಿನಲ್ಲಿ ಕೆಳಗಿಳಿಸಬೇಕು. ಅದಕ್ಕಿಂತ ಆಳದ ಮುಕ್ಕು ಒಂದೆರಡಿದ್ದರೆ ಹಾಗೆಯೇ ಬಿಡಿ. ಇನ್ನು ಹತ್ತು ಸಲ ಮಸೆಯುವಷ್ಟರಲ್ಲಿ ತಾನಾಗಿ ಮಾಯವಾಗುತ್ತದೆ. ಒಂದು ಮುಕ್ಕಿಗಾಗಿ ಮೂರು ವರ್ಷದ ಉಕ್ಕನ್ನು ಪುಡಿ ಮಾಡಿ ಉದುರಿಸುವುದು ನಷ್ಟದ ವ್ಯಾಪಾರ.

ಅರ ಮುಂದಕ್ಕೆ ತಳ್ಳುವಾಗ ಮಾತ್ರ ಕತ್ತರಿಸುತ್ತದೆ. ಹಿಂದಕ್ಕೆ ತರುವಾಗ ಎತ್ತಿಕೊಂಡು ತನ್ನಿ, ಇಲ್ಲದಿದ್ದರೆ ಹಲ್ಲು ಬೇಗ ಸವೆಯುತ್ತದೆ. ಎಡಗೈಗೆ ಚರ್ಮದ ಗ್ಲೌಸ್ ಇರಲಿ.

ಇನ್ನು ಕೋನದ ಮಾತು. ಹುಲ್ಲು, ಬಾಳೆ, ಹಸಿ ಬಳ್ಳಿಗಳನ್ನು ಸವರುವ ಹಗುರ ಕತ್ತಿಗೆ ಒಂದೊಂದು ಪಕ್ಕಕ್ಕೆ ಸುಮಾರು 15ರಿಂದ 20 ಡಿಗ್ರಿ ಸಾಕು. ತೆಂಗಿನಕಾಯಿ ಕೆತ್ತುವ, ಒಣ ಟೊಂಗೆ ಕಡಿಯುವ ಮಚ್ಚಿಗೆ 25 ಡಿಗ್ರಿ ಬೇಕು. ಅದಕ್ಕಿಂತ ತೆಳುವಾದರೆ ಮೊದಲ ದಿನ ಕ್ಷೌರದ ಕತ್ತಿಯಂತಿದ್ದು ಎರಡನೆಯ ದಿನ ಬಾಯಿ ಮಡಚಿಕೊಳ್ಳುತ್ತದೆ. ಕೋನಮಾಪಕವಿಲ್ಲದೆ ಅಳೆಯಲು ಸುಲಭ ದಾರಿಯಿದೆ. ಬಾಯಿಯಿಂದ ಬೆನ್ನಿಗೆ 50 ಮಿ.ಮೀ. ಅಗಲವಿರುವ ಅಲಗನ್ನು ಕಲ್ಲಿನ ಮೇಲೆ ಮಲಗಿಸಿ ಬೆನ್ನನ್ನು 17 ಮಿ.ಮೀ. ಎತ್ತಿದರೆ 20 ಡಿಗ್ರಿಯಾಗುತ್ತದೆ, 21 ಮಿ.ಮೀ. ಎತ್ತಿದರೆ 25. ಅಲಗಿನ ಅಗಲ ಹೆಚ್ಚಿದ್ದರೆ ಎತ್ತರವನ್ನೂ ಅದೇ ಲೆಕ್ಕದಲ್ಲಿ ಹೆಚ್ಚಿಸಬೇಕು. ಆ ದಪ್ಪದ ಮರದ ಚಕ್ಕೆಯೊಂದನ್ನು ಕೆತ್ತಿ ಪಕ್ಕದಲ್ಲಿಟ್ಟುಕೊಂಡರೆ ಕೈ ಆಗಾಗ ಅದಕ್ಕೆ ತಾಳೆ ನೋಡಿಕೊಳ್ಳಬಹುದು.

ಕಡಿಯುವ ಮಚ್ಚಿನ ಬಾಯಿ ಎರಡೂ ಪಕ್ಕದಲ್ಲಿ ತುಸು ಉಬ್ಬಿಕೊಂಡಿರುವುದು ಒಳ್ಳೆಯದು. ಚಪ್ಪಟೆ ಇಳಿಜಾರಿನ ಬಾಯಿ ಮರದೊಳಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಉಬ್ಬು ಬಾಯಿ ಮರವನ್ನು ಅಗಲಿಸುತ್ತಾ ಹೋಗುವುದರಿಂದ ಎಳೆದೊಡನೆ ಹೊರಬರುತ್ತದೆ. ಅರವನ್ನು ತಳ್ಳುತ್ತಲೇ ಮಣಿಕಟ್ಟನ್ನು ಸ್ವಲ್ಪ ಹೊರಳಿಸಿದರೆ ಈ ಉಬ್ಬು ತಾನಾಗಿ ಬರುತ್ತದೆ.

ಗ್ರೈಂಡರ್ ಬಳಸಬಹುದೇ?

ಬಳಸಬಹುದು, ಆದರೆ ಬಾಯಿಯ ಹತ್ತಿರ ಅಲ್ಲ. ನಾಲ್ಕು ಇಂಚಿನ ಆಂಗಲ್ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಅದರ ಡಿಸ್ಕಿನ ಅಂಚಿನ ವೇಗ ಗಂಟೆಗೆ 200 ಕಿಲೋಮೀಟರ್‌ಗೂ ಹೆಚ್ಚು. ತೆಳುವಾದ ಬಾಯಿಗೆ ಆ ವೇಗದ ಉಜ್ಜು ತಾಗಿದರೆ ಬಿಸಿಗೆ ಹೋಗಲು ಜಾಗವೇ ಇರುವುದಿಲ್ಲ. ಉಕ್ಕು ಕಾಯುತ್ತಾ ಹೋದಂತೆ ಅದರ ಮೇಲ್ಮೈ ಬಣ್ಣ ಬದಲಿಸುತ್ತದೆ: 220–230 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಹುಲ್ಲಿನ ಹಳದಿ, 250ರ ಆಸುಪಾಸಿನಲ್ಲಿ ಕಂದು, 280ರ ಹತ್ತಿರ ನೇರಳೆ, 300ಕ್ಕೆ ನೀಲಿ. ನೀಲಿ ಮೂಡಿತೆಂದರೆ ಅಲ್ಲಿನ ಹದ ಸಾಕಷ್ಟು ಇಳಿಯಿತೆಂದೇ ಅರ್ಥ, ಮತ್ತೆ ನೀರಿನಲ್ಲಿ ಅದ್ದಿ ಪ್ರಯೋಜನವಿಲ್ಲ.

ಇದನ್ನು ನಾನು ಕಲಿತದ್ದು ಒಂದು ಒಳ್ಳೆಯ ಅಲಗನ್ನು ಕೆಡಿಸಿ. ಅಜ್ಜನ ಕಾಲದ ಮಚ್ಚಿಗೆ ಗ್ರೈಂಡರ್ ಹಿಡಿದಾಗ ತುದಿಯಿಂದ ನಾಲ್ಕು ಬೆರಳು ಕೆಳಗೆ, ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ ನವಿಲುಗರಿಯ ಕಣ್ಣಿನಂತೆ ಬಣ್ಣ ತೇಲಿಬಂತು. ನೋಡಲು ಚೆನ್ನಾಗಿಯೇ ಇತ್ತು. ಮರುದಿನ ಎರಡು ತೆಂಗಿನಕಾಯಿ ಕೆತ್ತುವಷ್ಟರಲ್ಲಿ ಸರಿಯಾಗಿ ಆ ಜಾಗದಲ್ಲೇ ಬಾಯಿ ತಗಡಿನಂತೆ ಹೊರಳಿಕೊಂಡಿತು. ಅದರ ಎರಡು ಪಕ್ಕದ ಬಾಯಿ ಹಾಗೆಯೇ ಇತ್ತು. ಕುಲುಮೆಗೆ ತೆಗೆದುಕೊಂಡು ಹೋದಾಗ ಹಿರಿಯ ಕಮ್ಮಾರರು ಅಲಗನ್ನು ಓರೆಯಾಗಿ ಬೆಳಕಿಗೆ ಹಿಡಿದು, “ಇದಕ್ಕೆ ಇಲ್ಲಿ ಜ್ವರ ಬಂದು ಹೋಗಿದೆ” ಎಂದಷ್ಟೇ ಹೇಳಿದರು.

ಬೆನ್ನಿನ ಕಡೆಯ ದಪ್ಪ ತೆಗೆಯಲು ಗ್ರೈಂಡರ್ ಬೇಕೇ ಬೇಕೆಂದರೆ 80 ನಂಬರಿನ ಫ್ಲ್ಯಾಪ್ ಡಿಸ್ಕ್ (ಉಜ್ಜುವ ಪಟ್ಟಿಗಳನ್ನು ಜೋಡಿಸಿದ ಬಿಲ್ಲೆ) ಹಾಕಿ, ಗಾರ್ಡ್ ಬಿಚ್ಚದೆ, ಕನ್ನಡಕ ಧರಿಸಿ, ಎರಡೂ ಕೈಯಲ್ಲಿ ಹಿಡಿದು, ಒಂದೇ ಕಡೆ ನಿಲ್ಲಿಸದೆ ಓಡಿಸಿ. ಬರಿಗೈಯಲ್ಲಿ ಮುಟ್ಟಲಾಗದಷ್ಟು ಬಿಸಿಯಾಗುವ ಮೊದಲೇ ನೀರಿನಲ್ಲಿ ಅದ್ದಿ. ಬಾಯಿಯಿಂದ ಒಂದು ಬೆರಳಿನಷ್ಟು ಅಗಲವನ್ನು ಮಾತ್ರ ಅರಕ್ಕೂ ಕಲ್ಲಿಗೂ ಬಿಟ್ಟುಕೊಡಿ.

ಮಸೆಯುವುದು

ಅರದ ಕೆಲಸ ಮುಗಿದ ಮೇಲೆ ಕಲ್ಲು. ಕಲ್ಲನ್ನು ನೀರಿನಲ್ಲಿ ಗುಳ್ಳೆ ನಿಲ್ಲುವವರೆಗೆ ನೆನೆಸಿ. ಉದ್ದದ ಮಚ್ಚಾದರೆ ಅಲಗನ್ನು ವೈಸ್‌ನಲ್ಲೇ ಬಿಟ್ಟು ಕಲ್ಲನ್ನು ಕೈಯಲ್ಲಿ ಹಿಡಿದು ಅದರ ಮೇಲೆ ಓಡಿಸುವುದು ಸುಲಭ. ಆಗ ಬೆರಳುಗಳು ಕಲ್ಲಿನ ಅಂಚಿನಿಂದ ಕೆಳಗಿಳಿಯದಂತೆ ಹಿಡಿಯಬೇಕು. ಶುರು ಮಾಡುವ ಮೊದಲು ಬಾಯಿಯ ಇಳಿಜಾರಿಗೆ ಮಾರ್ಕರ್‌ನಿಂದ ಕಪ್ಪು ಬಳಿಯಿರಿ. ನಾಲ್ಕು ಸಲ ಉಜ್ಜಿ ನೋಡಿದಾಗ ಕಪ್ಪು ಇಳಿಜಾರಿನ ಬೆನ್ನಿನ ಕಡೆಯ ಭಾಗದಲ್ಲಿ ಮಾತ್ರ ಅಳಿಸಿದ್ದರೆ ಕೋನ ಕಡಿಮೆಯಾಗಿದೆ, ತೀರ ತುದಿಯಲ್ಲಿ ಮಾತ್ರ ಅಳಿಸಿದ್ದರೆ ಹೆಚ್ಚಾಗಿದೆ. ಹತ್ತು ವರ್ಷ ಮಸೆದವರಿಗೂ ಈ ಬಣ್ಣ ತಪ್ಪು ತೋರಿಸಿಕೊಡುತ್ತದೆ.

ಒಂದು ಪಕ್ಕವನ್ನು ಬಿಡದೆ ಮಸೆಯುತ್ತಾ ಹೋದರೆ ಇನ್ನೊಂದು ಪಕ್ಕಕ್ಕೆ ಕೂದಲೆಳೆಯಷ್ಟು ತೆಳುವಾದ ಉಕ್ಕಿನ ಅಂಚು ಹೊರಳಿಕೊಳ್ಳುತ್ತದೆ. ವರ್ಕ್‌ಶಾಪಿನವರು ಇದನ್ನು ಬರ್ ಎನ್ನುತ್ತಾರೆ. ಬೆನ್ನಿನಿಂದ ಬಾಯಿಯ ಕಡೆಗೆ, ಅಂಚಿನಿಂದ ಆಚೆಗೆ ಹೆಬ್ಬೆರಳನ್ನು ಮೆಲ್ಲಗೆ ಜಾರಿಸಿದರೆ ಅದು ಬೆರಳಿಗೆ ತಡೆಯುತ್ತದೆ. ಅಂಚಿನ ಉದ್ದಕ್ಕೆ ಬೆರಳು ಎಳೆಯಬೇಡಿ. ತುದಿಯಿಂದ ಬುಡದವರೆಗೆ ಎಲ್ಲೂ ಕಡಿಯದಂತೆ ಬರ್ ಎದ್ದಿದೆ ಎಂದು ಖಚಿತವಾದ ಮೇಲಷ್ಟೇ ಪಕ್ಕ ಬದಲಿಸಬೇಕು. ಮನೆಯಲ್ಲಿ ಮಸೆದ ಕತ್ತಿ ಹರಿತವಾಗದಿರಲು ಮುಖ್ಯ ಕಾರಣ, ಬರ್ ಏಳುವ ಮೊದಲೇ ಪಕ್ಕ ಬದಲಿಸುವ ಅವಸರ. ಒರಟು ಮುಖದಲ್ಲಿ ಎರಡೂ ಪಕ್ಕ ಮುಗಿಸಿ ನಯವಾದ ಮುಖಕ್ಕೆ ಬನ್ನಿ, ಒತ್ತಡ ಕಡಿಮೆ ಮಾಡುತ್ತಾ ಹೋಗಿ, ಕೊನೆಯ ಹತ್ತು ಉಜ್ಜುಗಳಲ್ಲಿ ಕಲ್ಲಿನ ಭಾರ ಮಾತ್ರ ಸಾಕು. ಉಳಿದ ಬರ್ ಅನ್ನು ಬೆಲ್ಟಿನ ಒಳಮೈ ಮೇಲೆ ಬೆನ್ನು ಮುಂದಾಗಿ ಎಳೆದು ತೆಗೆಯಿರಿ. ಬಾಯಿ ಮುಂದಾಗಿ ಎಳೆದರೆ ಚರ್ಮವೇ ಸೀಳುತ್ತದೆ.

ಮಲೆನಾಡು ಮತ್ತು ಕರಾವಳಿಯ ಮನೆಗಳಲ್ಲಿ ಬೆಣಚುಕಲ್ಲಿನ ಪುಡಿಯನ್ನು ಮರದ ಹಲಗೆಯ ಮೇಲೆ ಉದುರಿಸಿ ಕತ್ತಿ ಮಸೆಯುವ ಪದ್ಧತಿಯಿದೆ. ಹಲಗೆ ತುಸು ತಗ್ಗುವುದರಿಂದ ಮೇಲೆ ಹೇಳಿದ ಉಬ್ಬು ಬಾಯಿ ಅದರಲ್ಲಿ ಸಲೀಸಾಗಿ ಬರುತ್ತದೆ. ಹಳೆಯ ಸಾಣೆಗಾಲಿಗಳು ಕುರಂದವೆಂಬ ಗಟ್ಟಿ ಖನಿಜದ ಪುಡಿಯನ್ನು ಅರಗಿನಲ್ಲಿ ಕಲಸಿ ಎರೆದವು. ಕಾರಂಡಮ್ ಎಂಬ ಇಂಗ್ಲಿಷ್ ಹೆಸರು ದಕ್ಷಿಣದ ನುಡಿಗಳ ಇದೇ ಪದದಿಂದ ಹುಟ್ಟಿದ್ದು. ಇಂದಿನ ಅಂಗಡಿಯ ಕಲ್ಲಿನಲ್ಲಿರುವುದು ಹೆಚ್ಚಾಗಿ ಸಿಲಿಕಾನ್ ಕಾರ್ಬೈಡ್. ಹಲ್ಲು ಕುಡುಗೋಲಿಗೆ ಮಾತ್ರ ಈ ಯಾವ ಕ್ರಮವೂ ಸಲ್ಲದು, ಉಜ್ಜಿದರೆ ಹಲ್ಲೇ ಹೋಗುತ್ತದೆ.

ಕುಲುಮೆಗೆ ಯಾವಾಗ?

ಹದ ಪೂರ್ತಿ ಹೋಗಿದ್ದರೆ ಮನೆಯ ಗ್ಯಾಸ್ ಒಲೆಯ ಮೇಲೆ ಪ್ರಯೋಗ ಮಾಡಬೇಡಿ. ಇಡೀ ಬಾಯಿಯನ್ನು ಒಂದೇ ಸಮನೆ ಕಾಯಿಸುವ ಶಕ್ತಿ ಅದಕ್ಕಿಲ್ಲ. ಕಮ್ಮಾರರ ಹತ್ತಿರ ನಿಂತು ನೋಡುವಾಗ ಗಮನಿಸಬೇಕಾದ ಸಂಗತಿಗಳು ಎರಡು. ಉಕ್ಕು ಸುಮಾರು 770 ಡಿಗ್ರಿ ಮುಟ್ಟಿದಾಗ ಅಯಸ್ಕಾಂತಕ್ಕೆ ಅಂಟುವುದನ್ನು ನಿಲ್ಲಿಸುತ್ತದೆ, ಹದಕ್ಕೆ ಅದಕ್ಕಿಂತ ಇನ್ನೂ ಸ್ವಲ್ಪ ಕಾಯಬೇಕು. ಕಮಾನು ಪಟ್ಟಿಯ ಉಕ್ಕನ್ನು ಎಣ್ಣೆಯಲ್ಲಿ ಅದ್ದುವುದು ಕ್ಷೇಮ, ತಣ್ಣೀರಿನಲ್ಲಿ ಅದ್ದಿದರೆ ಬಿರುಕು ಬಿಡುವ ಸಂಭವ ಹೆಚ್ಚು. ಅದ್ದಿ ತೆಗೆದ ಉಕ್ಕು ಗಾಜಿನಂತೆ ಪೆಡಸಾಗಿರುವುದರಿಂದ ಅದನ್ನು ಮತ್ತೆ ಮೆಲ್ಲಗೆ ಕಾಯಿಸಿ ಕಂದು ಬಣ್ಣಕ್ಕೆ ತರುತ್ತಾರೆ. ಕಡಿಯುವ ಹತಾರವೆಂದು ಮೊದಲೇ ಹೇಳಿದರೆ ಅವರು ಬಣ್ಣವನ್ನು ನೇರಳೆಯ ಅಂಚಿನವರೆಗೆ ಬಿಡಬಹುದು, ಆಗ ಬಾಯಿ ಮುಕ್ಕಾಗುವುದು ಕಡಿಮೆ.

ಹೊಸ ಹಿಡಿ

ಹಿಡಿಯ ಮರಕ್ಕೆ ಬೇಕಾದ ಗುಣ ಬರಿಯ ಗಟ್ಟಿತನವಲ್ಲ, ಪೆಟ್ಟು ತಡೆಯುವ ನಾರು. ದಿಂಡಿಗ ಮತ್ತು ತಡಸಲು ಈ ಕೆಲಸಕ್ಕೆ ಹೆಸರಾದವು; ಬಯಲುಸೀಮೆಯಲ್ಲಿ ಕರಿಜಾಲಿ ಮತ್ತು ಹುಣಸೆ ಚೆನ್ನಾಗಿ ಬರುತ್ತವೆ, ಹಿತ್ತಲಿನ ಸೀಬೆಯ ದಪ್ಪ ಕೊಂಬೆಯೂ ಕಡಿಮೆಯಲ್ಲ. ತೇಗ ನೋಡಲು ಚೆಂದ, ಆದರೆ ಬಾಲ ಹೋಗುವ ಜಾಗದಲ್ಲಿ ಬೇಗ ಸೀಳುತ್ತದೆ. ಮರವನ್ನು ಗರಗಸದಿಂದ ಕೊಯ್ಯುವ ಬದಲು ನಾರಿನ ಗುಂಟ ಸೀಳಿ, ನಡುವಿನ ತಿರುಳನ್ನು ಬಿಟ್ಟು ಪಕ್ಕದ ಭಾಗ ತೆಗೆದುಕೊಳ್ಳಿ. ಹಸಿ ಮರವಾದರೆ ಎರಡು ಕೊನೆಗಳಿಗೂ ಮೇಣ ಅಥವಾ ಬಣ್ಣ ಬಳಿದು ನೆರಳಿನಲ್ಲಿ ಕನಿಷ್ಠ ಆರು ತಿಂಗಳು ಬಿಡಬೇಕು. ಹಸಿಯಾಗಿಯೇ ಹಾಕಿದ ಹಿಡಿ ಬೇಸಗೆಯಲ್ಲಿ ಒಣಗಿ, ಬಾಲ ಗಲಗಲ ಅನ್ನತೊಡಗುತ್ತದೆ.

ಅಂಗೈ ಅಗಲಕ್ಕಿಂತ ಮೂರು ಬೆರಳು ಉದ್ದವಾಗಿ ಮರ ಕತ್ತರಿಸಿ. ಬಾಲ ಹೋಗುವ ತುದಿಗೆ ಮೊದಲು ಅಣಸು, ಅಂದರೆ ಲೋಹದ ಬಳೆ ಕೂರಿಸಿ. ಹಿತ್ತಾಳೆ ಅಥವಾ ತಾಮ್ರದ ಪೈಪಿನ 20 ಮಿ.ಮೀ. ತುಂಡು ಇದಕ್ಕೆ ಸಾಕು. ಮರವನ್ನು ಬಳೆಗಿಂತ ಕೂದಲಷ್ಟು ದಪ್ಪವಾಗಿಯೇ ಕೆತ್ತಿ, ಮರದ ಸುತ್ತಿಗೆಯಿಂದ ತಟ್ಟಿ ಏರಿಸಬೇಕು. ರಂಧ್ರ ಕೊರೆಯುವ ಮೊದಲೇ ಬಳೆ ಹಾಕುವುದು ಮುಖ್ಯ, ಇಲ್ಲದಿದ್ದರೆ ಬಾಲ ಬಡಿಯುವಾಗಲೇ ಮರ ಬಾಯಿ ಬಿಡುತ್ತದೆ.

ಬಾಲದ ಅಗಲಕ್ಕೆ ತಕ್ಕಂತೆ ಎರಡು ಅಥವಾ ಮೂರು ರಂಧ್ರಗಳನ್ನು ಒಂದೇ ಸಾಲಿನಲ್ಲಿ ಕೊರೆದು ಒಂದಾಗಿಸಿ. ಬಾಲಕ್ಕಿಂತ ತುಸು ಇಕ್ಕಟ್ಟಾಗಿರಲಿ. ಇನ್ನು ಅಲಗಿಗೆ ಒದ್ದೆ ಗೋಣಿ ಬಿಗಿಯಾಗಿ ಸುತ್ತಿ, ಬಾಲದ ತುದಿಯನ್ನು ಮಾತ್ರ ಕೆಂಡದಲ್ಲಿ ಕಾಯಿಸಿ ರಂಧ್ರದೊಳಗೆ ಒತ್ತಬೇಕು. ಬುಸ್ಸೆಂದು ಹೊಗೆ ಏಳುತ್ತದೆ, ಮರ ಬಾಲದ ಆಕಾರಕ್ಕೇ ಸುಟ್ಟುಕೊಳ್ಳುತ್ತದೆ. ಐದು ಸೆಕೆಂಡಿಗಿಂತ ಹೆಚ್ಚು ಒಳಗೆ ಬಿಡದೆ ಹೊರತೆಗೆದು, ಇದ್ದಿಲನ್ನು ಕೆರೆದು, ಮತ್ತೆ ಕಾಯಿಸಿ ಒತ್ತಿ. ಕೊನೆಯ ಅರ್ಧ ಇಂಚನ್ನು ಸುಡದೆ ಬಿಟ್ಟರೆ ಬಾಲ ಅಲ್ಲಿ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಪ್ರತಿ ಸಲವೂ ಹಿಡಿಯನ್ನು ಕಣ್ಣಿನ ನೇರಕ್ಕೆ ತಂದು ಬೆನ್ನು ಮತ್ತು ಹಿಡಿ ಒಂದೇ ಗೆರೆಯಲ್ಲಿವೆಯೇ ಎಂದು ನೋಡಿ. ಈಗ ಕಂಡ ಓರೆಯನ್ನು ತಿದ್ದಬಹುದು, ಅರಗು ಹಾಕಿದ ಮೇಲೆ ಆಗದು.

ಕೂರಿಸಲು ಅರಗಿನ ಪುಡಿಗೆ ಜರಡಿ ಹಿಡಿದ ಇಟ್ಟಿಗೆ ಪುಡಿಯನ್ನು ಸೇರಿಸಿ ರಂಧ್ರಕ್ಕೆ ಮುಕ್ಕಾಲು ಭಾಗ ತುಂಬಿ, ಬಿಸಿ ಬಾಲವನ್ನು ಇಳಿಸಿ, ಹಿಡಿಯ ಹಿಂಭಾಗವನ್ನು ಕಟ್ಟೆಗೆ ಕುಟ್ಟಿ. ಅರಗು ಸಿಗದವರು ಎರಡು ಟ್ಯೂಬಿನ ಎಪಾಕ್ಸಿ ಅಂಟನ್ನು ಮರದ ಪುಡಿಯೊಂದಿಗೆ ಕಲಸಿ, ತಣ್ಣಗಿರುವ ಬಾಲಕ್ಕೆ ಹಚ್ಚಿ ಕೂರಿಸಿ ಒಂದು ಇಡೀ ದಿನ ಮುಟ್ಟದೆ ಬಿಡಬಹುದು. ನನ್ನ ಒಲವು ಅರಗಿನ ಕಡೆಗೇ, ಏಕೆಂದರೆ ಮುಂದೊಂದು ದಿನ ಹಿಡಿ ಬದಲಿಸುವವರಿಗೆ ಬಿಸಿನೀರು ಸಾಕು. ಎಪಾಕ್ಸಿಯಾದರೆ ಮರವನ್ನು ಸೀಳಿಯೇ ತೆಗೆಯಬೇಕು.

ಹಿಡಿಯ ಅಡ್ಡಕೊಯ್ತ ದುಂಡಗಿರದೆ ಮೊಟ್ಟೆಯಂತಿರಲಿ, ಆಗ ಕಣ್ಣುಮುಚ್ಚಿ ಹಿಡಿದರೂ ಬಾಯಿ ಯಾವ ಕಡೆಗಿದೆಯೆಂದು ಅಂಗೈಗೆ ಗೊತ್ತಾಗುತ್ತದೆ. ಕಿರುಬೆರಳಿನ ಕೆಳಗೆ ಸಣ್ಣ ಉಬ್ಬು ಬಿಟ್ಟರೆ ಬೆವರಿದ ಕೈಯಿಂದ ಜಾರುವುದಿಲ್ಲ. 120ರಿಂದ 240ಕ್ಕೆ ತಿಕ್ಕಿ ನಿಲ್ಲಿಸಿ. ಅದಕ್ಕಿಂತ ನಯವಾದ ಹಿಡಿ ಮಳೆಯಲ್ಲಿ ಅಪಾಯ. ವಾರ್ನಿಷ್ ಬೇಡ, ಬೊಬ್ಬೆ ಬರಿಸುತ್ತದೆ. ಅಗಸೆ ಎಣ್ಣೆಯನ್ನು ತೆಳ್ಳಗೆ ಮೂರು ಸಲ, ನಡುವೆ ಒಂದೊಂದು ದಿನ ಬಿಟ್ಟು ಹಚ್ಚಿ. ಹೊಂಗೆಣ್ಣೆ ಒಣಗದೆ ಅಂಟಂಟಾಗಿಯೇ ಉಳಿಯುತ್ತದೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆಯಬೇಡಿ. ಆ ಎಣ್ಣೆ ಒಣಗುವಾಗ ಶಾಖ ಹುಟ್ಟುತ್ತದೆ, ಮುದ್ದೆಯೊಳಗೆ ಶಾಖ ಕೂಡಿಕೊಂಡು ಬಟ್ಟೆ ತಾನಾಗಿ ಹೊತ್ತಿಕೊಳ್ಳಬಲ್ಲದು. ಅದನ್ನು ತಂತಿಯ ಮೇಲೆ ಹರವಿ ಒಣಗಿಸಿ ಅಥವಾ ನೀರಿನಲ್ಲಿ ನೆನೆಸಿ ಎಸೆಯಿರಿ.

ಕೆಲಸಕ್ಕೆ ಹಚ್ಚುವುದು

ಮೊದಲ ಪರೀಕ್ಷೆ ಹಸಿ ಬಾಳೆದಿಂಡಿನ ಮೇಲಿರಲಿ. ಒಂದೇ ಬೀಸಿಗೆ ನಯವಾಗಿ, ನಾರು ಹರಿಯದೆ ಬೀಳಬೇಕು. ಆಮೇಲೆ ಒಣ ಅಡಿಕೆ ಸೋಗೆಯ ಬುಡ, ಕೊನೆಗೆ ಕೈ ಗಾತ್ರದ ಟೊಂಗೆ. ಪ್ರತಿ ಹಂತದ ನಂತರ ಬಾಯಿಯನ್ನು ಬೆಳಕಿಗೆ ಹಿಡಿದು ನೋಡಿ. ಬಿಳಿ ಗೆರೆ ಕಂಡ ಜಾಗವನ್ನು ಗುರುತು ಮಾಡಿ, ಅಲ್ಲಿ ಕೋನವನ್ನು ಎರಡು ಡಿಗ್ರಿಯಷ್ಟು ಹೆಚ್ಚಿಸಿ ನಯವಾದ ಕಲ್ಲಿನಿಂದ ಹತ್ತು ಸಲ ಮಸೆಯಿರಿ.

ದಿನದ ಕೆಲಸ ಮುಗಿದ ಮೇಲೆ ಬಾಳೆಯ ಕರೆ, ಮಾವಿನ ಸೊನೆ ಒಣಗುವ ಮೊದಲೇ ಒರೆಸಬೇಕು. ಇವೆರಡೂ ಉಕ್ಕನ್ನು ರಾತ್ರಿ ಬೆಳಗಾಗುವುದರೊಳಗೆ ಕಪ್ಪು ಮಾಡುತ್ತವೆ. ಮಳೆಗಾಲದಲ್ಲಿ ಹೊಲಿಗೆ ಯಂತ್ರದ ಎಣ್ಣೆಯನ್ನು ಬಟ್ಟೆಗೆ ಹಚ್ಚಿ ಸವರಿ, ಅಲಗನ್ನು ಗೋಡೆಗೆ ತಾಗದಂತೆ ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ ತೂಗುಹಾಕಿ. ಚರ್ಮದ ಒರೆಯೊಳಗೆ ತಿಂಗಳುಗಟ್ಟಲೆ ಇಡಬೇಡಿ, ಚರ್ಮ ತೇವ ಹಿಡಿದು ತುಕ್ಕನ್ನು ಒಳಗಿಂದಲೇ ಬೆಳೆಸುತ್ತದೆ. ಹೊಸ ಹಿಡಿಯ ಮರ ಮೊದಲ ಬೇಸಗೆಯಲ್ಲಿ ಇನ್ನೂ ಸ್ವಲ್ಪ ಒಣಗಿ ಅಣಸು ಸಡಿಲವಾಗುವುದುಂಟು. ಆಗ ಬಳೆಯ ಸುತ್ತ ಮೂರು ಕಡೆ ಸೆಂಟರ್ ಪಂಚ್‌ನಿಂದ ಒಂದೊಂದು ಗುಳಿ ಹೊಡೆದರೆ ಅದು ಮರವನ್ನು ಮತ್ತೆ ಕಚ್ಚಿಕೊಳ್ಳುತ್ತದೆ.